ರೋಲರ್ ನಿಲ್ಲಿಸಿದ ದಿನ

ಆಸ್ಪತ್ರೆಗಳ ಬಟ್ಟೆ ಒಗೆಯುವ ಆ ಲಾಂಡ್ರಿಯಲ್ಲಿ ಮ್ಯಾನೇಜರಿಗೆ ಕೆಲಸಗಾರರು ಇಟ್ಟಿದ್ದ ಹೆಸರು ಗುಡುಗಪ್ಪ. ಅವನ ಸಿಟ್ಟೆಲ್ಲ ಬಾಯಲ್ಲೇ. ಬೈದ ಅರ್ಧ ಗಂಟೆಗೆ ಅವನೇ ಮರೆತಿರುತ್ತಿದ್ದ. ಬೈಸಿಕೊಂಡವರು ಮಾತ್ರ ಮರೆಯುತ್ತಿರಲಿಲ್ಲ.

ಒಂದು ಬೆಳಿಗ್ಗೆ ಬೆಡ್‌ಶೀಟುಗಳನ್ನು ಒಳಗೆಳೆದು ಇಸ್ತ್ರಿ ಮಾಡುವ ಬಿಸಿ ರೋಲರಿನ ಬಳಿ ಕೆಲಸ ಮಾಡುವ ದೊಡ್ಡಕ್ಕ ಬರಲಿಲ್ಲ. ಅವಳ ಗಂಡ ಅಲ್ಲೇ ವ್ಯಾನ್ ಡ್ರೈವರ್. ಮ್ಯಾನೇಜರ್ ಅವನನ್ನು ಹಿಡಿದು ನಿಲ್ಲಿಸಿದ.

"ಎಲ್ಲಯ್ಯಾ ನಿನ್ನ ಹೆಂಡ್ತಿ?"

"ಕೈ ಸುಟ್ಕೊಂಡಿದ್ದಾಳೆ ಸಾರ್. ನಿನ್ನೆ, ಇಲ್ಲೇ."

"ಇಲ್ಲೇನಾ? ನಂಗ್ಯಾಕೆ ಹೇಳ್ಲಿಲ್ಲ? ನಾನೇನು ಹುಲಿನಾ?"

ಡ್ರೈವರ್ ತಲೆ ತಗ್ಗಿಸಿದ. "ಹುಲಿ ಆದ್ರೆ ಓಡಿಹೋಗ್ಬಹುದು ಸಾರ್. ಕೆಲಸ ಬಿಟ್ಟು ಎಲ್ಲಿಗೆ ಓಡೋದು?"

ಸಂಜೆ ಮ್ಯಾನೇಜರ್ ಡ್ರೈವರ್ ಜೊತೆ ಅವನ ಮನೆಗೇ ಹೋದ. ಒಂದೇ ಕೋಣೆ, ಮೂಲೆಯಲ್ಲಿ ಒಲೆ, ಕಿಟಕಿಯಲ್ಲಿ ಒಣಹಾಕಿದ ಶಾಲೆಯ ಸಮವಸ್ತ್ರ. ದೊಡ್ಡಕ್ಕ ಗಾಬರಿಯಿಂದ ಎದ್ದು ಬ್ಯಾಂಡೇಜು ಸುತ್ತಿದ ಕೈಯನ್ನು ಸೆರಗಿನಡಿ ಮುಚ್ಚಿಕೊಂಡಳು. ಮಗಳು ಅಡ್ಡ ಬಂದು ನಿಂತಳು.

"ಅಮ್ಮಂಗೆ ಬೈಯೋಕೆ ಬಂದ್ರಾ?"

"ಏಯ್, ಸುಮ್ನಿರೇ!" ದೊಡ್ಡಕ್ಕ ಗದರಿದಳು.

"ಇಲ್ಲಮ್ಮ ಪುಟ್ಟಿ, ಕೇಳೋಕೆ ಬಂದೆ," ಎಂದ ಮ್ಯಾನೇಜರ್. ಯಾಕೆ ಹೀಗೆ ಮಾಡಿದೆ ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ಅದನ್ನು ನುಂಗಿಕೊಂಡು, "ಹೇಗಾಯ್ತು ದೊಡ್ಡಕ್ಕ?" ಎಂದ.

ಅವಳು ಗಂಡನ ಮುಖ ನೋಡಿದಳು. ಅವನು ತಲೆಯಾಡಿಸಿದ.

"ಬೆಡ್‌ಶೀಟ್ ಮುದುಡ್ಕೊಂಡು ರೋಲರ್ ಒಳಗೆ ಸಿಕ್ಕಾಕೊಳ್ಳುತ್ತೆ ಸಾರ್. ನಿಲ್ಲಿಸಿ ಬಿಡಿಸ್ಬೇಕು. ಆದ್ರೆ ನಿಲ್ಲಿಸಿದ್ರೆ ಸಾಕು, ಯಾರದು ನಿಲ್ಲಿಸಿದ್ದು ಅಂತ ಕೂಗಾಡ್ತಾ ಬರ್ತೀರ. ಅದಕ್ಕೆ ರೋಲರ್ ಓಡ್ತಿರುವಾಗ್ಲೇ ಎಲ್ರೂ ಕೈ ಹಾಕ್ತೀವಿ."

"ಎಲ್ರೂನಾ?"

"ಎಲ್ರೂ."

ಹೊರಡುವಾಗ ಮ್ಯಾನೇಜರ್, "ಕೈ ವಾಸಿಯಾಗೋವರೆಗೂ ಬರ್ಬೇಡ, ಸಂಬಳ ಹಿಡಿಯೋಲ್ಲ," ಎಂದ.

ಮರುದಿನ ರೋಲರಿನ ಸುತ್ತ ಎಲ್ಲರನ್ನೂ ಸೇರಿಸಿದ. "ಸಿಕ್ಕಾಕೊಂಡ್ರೆ ನಿಲ್ಲಿಸಿ. ನಾನು ಬೈಯೋಲ್ಲ." ಒಬ್ಬರೂ ನಂಬಲಿಲ್ಲ. ಹಿಂದೆ ನಿಂತಿದ್ದವರು ಮುಸಿಮುಸಿ ನಕ್ಕರು.

ದೊಡ್ಡಕ್ಕ ಕೈ ವಾಸಿಯಾಗಿ ಬಂದ ಮೇಲೆ ಒಂದು ದಿನ, ಬಟ್ಟೆ ಬೇಗ ಕಳಿಸಿ ಎಂದು ಆಸ್ಪತ್ರೆಯಿಂದ ಫೋನಿನ ಮೇಲೆ ಫೋನು ಬರುತ್ತಿತ್ತು; ಹೊರಗೆ ವ್ಯಾನ್ ಕಾಯುತ್ತಿತ್ತು. ಆಗಲೇ ರೋಲರ್ ನಿಂತಿತು. ಮ್ಯಾನೇಜರ್ ಕೋಣೆಯಿಂದ ದಡದಡ ಓಡಿ ಬಂದ. ದೊಡ್ಡಕ್ಕನ ಬೆರಳು ಇನ್ನೂ ಸ್ವಿಚ್ಚಿನ ಮೇಲಿತ್ತು. ಮುಖ ಬಿಳಿಚಿಕೊಂಡಿತ್ತು, ಆದರೂ ಅವಳು ಬೆರಳು ತೆಗೆಯಲಿಲ್ಲ.

"ಯಾ..." ಎಂದವನು ತಡೆದುಕೊಂಡ. "ಯಾರಿಗೂ ಏನೂ ಆಗಿಲ್ಲ ತಾನೇ?"

"ಇಲ್ಲ ಸಾರ್."

"ಸರಿ. ನಿಧಾನಕ್ಕೆ ಬಿಡ್ಸಿ. ಆಸ್ಪತ್ರೆಯವರಿಗೆ ನಾನು ಹೇಳ್ಕೋತೀನಿ."

ವ್ಯಾನ್ ತಡವಾಗಿಯೇ ಹೊರಟಿತು. ಆಸ್ಪತ್ರೆಯವರಿಂದ ಬೈಸಿಕೊಳ್ಳುವ ಸರದಿ ಈ ಸಲ ಮ್ಯಾನೇಜರನದಾಯಿತು.

ಎಲ್ಲವೂ ಒಮ್ಮೆಗೇ ಬದಲಾಗಲಿಲ್ಲ. ಒಗೆಯುವ ಕಡೆಯ ಹಿರಿಯನೊಬ್ಬ ಈಗಲೂ ಅವನನ್ನು ಕಂಡರೆ ಬಾಯಿಗೆ ಬೀಗ ಹಾಕಿಕೊಳ್ಳುತ್ತಾನೆ. ಆದರೆ ಉಳಿದವರು ಒಬ್ಬೊಬ್ಬರಾಗಿ ಮಾತಾಡತೊಡಗಿದರು. ಹಬೆ ಸೋರುವ ಕೊಳವೆ ರಿಪೇರಿಯಾಯಿತು. ರೋಲರಿನ ಬಾಯಿಗೆ ಕೈ ಹೋಗದಂತೆ ತಡೆಗಂಬಿ ಬಂತು.

ಮೊನ್ನೆ ಮ್ಯಾನೇಜರ್ ಬಾಗಿಲು ದಾಟುವ ಮೊದಲೇ ದೊಡ್ಡಕ್ಕ ಒಳಗಿಂದ ಕೂಗಿದಳು: "ಸಾರ್, ಅಲ್ಲೇ ನಿಲ್ಲಿ! ನೆಲ ಜಾರ್ತಿದೆ. ಒರೆಸಿದ್ಮೇಲೆ ಬನ್ನಿ!"

ಅವನು ನೆಲ ಒರೆಸುವವರೆಗೂ ಹೊಸ್ತಿಲ ಹೊರಗೇ ಕಾಲೂರಿ ನಿಂತ.