ಮೊಂಡುಗಿವಿಯ ಬಣ್ಣ

ಓಣಿಯವರೆಲ್ಲ ಅವಳನ್ನು ಹಲ್ಲಕ್ಕ ಅಂತಲೇ ಕರೆಯುತ್ತಿದ್ದರು. ಮನೆಯ ಮುಂದಿನ ಕೋಣೆಯಲ್ಲಿ ಕೂತು ದಂತವೈದ್ಯರಿಗೆ ಕಟ್ಟುಹಲ್ಲಿನ ಸೆಟ್ಟು ಮಾಡಿಕೊಡುವುದು ಅವಳ ಕಸುಬು. ಒಣಗಲು ಇಟ್ಟ ದವಡೆಗಳು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಕೂತು ಬೀದಿಗೆ ಹಲ್ಲು ಕಿರಿಯುತ್ತಿದ್ದವು. ಹೊಸದಾಗಿ ಬಂದ ಅಂಚೆಯವನು ಮೊದಲ ದಿನ ಪಾಪ, ಮರ್ಯಾದೆಗೆ ತಾನೂ ತಿರುಗಿ ನಕ್ಕಿದ್ದನಂತೆ.

ಹಲ್ಲಕ್ಕನಿಗೆ ಕೈತುಂಬ ಕೆಲಸವಿತ್ತು. ಬೇಕರಿಯಲ್ಲಿ ಬ್ರೆಡ್ಡು ಸುಡುವ ಸಾಧು ಗಂಡನಿದ್ದ. ಮಹಡಿಯ ಮೇಲೆ ಭಾವ, ವಾರಗಿತ್ತಿ ಇದ್ದರು. ಕೊರತೆ ಅಂತ ಇದ್ದದ್ದು ಒಂದೇ, ಮೊಂಡುಗಿವಿ.

ಮೊಂಡುಗಿವಿ ಎಂದರೆ ಒಂದು ಎಲೆಕ್ಟ್ರಿಕ್ ಗಿಟಾರು. ಅದರ ಒಡಲಿಗೆ ಎರಡು ಕೊಂಬು. ಒಂದು ನೆಟ್ಟಗೆ ನಿಮಿರಿತ್ತು, ಇನ್ನೊಂದು ಯಾರೋ ಕಚ್ಚಿ ಬಿಟ್ಟ ಹಾಗೆ ಮೋಟಾಗಿತ್ತು. ಕಂಪನಿ ಅದಕ್ಕೆ ಏನೋ ನಂಬರು ಕೊಟ್ಟಿತ್ತು, ಹೆಸರಿಟ್ಟವಳು ಇವಳು. ಮದುವೆಗೆ ಮುಂಚೆ ಒಂದು ಹೋಟೆಲಿನ ವಾದ್ಯತಂಡದಲ್ಲಿ ಅದನ್ನು ನುಡಿಸುತ್ತಿದ್ದಳು. ಒಂದು ಸಂಜೆ ಅವಳು ಅದನ್ನು ಹೋಟೆಲಿನ ಹೊರಗೋಡೆಗೆ ಒರಗಿಸಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ, ಡ್ರಮ್ಮಿನವನು ಕಾರು ಹಿಂದಕ್ಕೆ ತೆಗೆದ. "ಏನೋ ಕಟ್ ಅಂತಲ್ಲಾ?" ಎಂದ. ಅದು ಏನೆಂದು ನೋಡಲು ಮತ್ತೆ ಮುಂದಕ್ಕೂ ತೆಗೆದ.

ಅಲ್ಲಿಗೆ ಮೊಂಡುಗಿವಿಯ ಕಥೆ ಮುಗಿಯಿತು. ಕಂಪನಿ ಆ ಮಾದರಿಯನ್ನು ಆಗಲೇ ನಿಲ್ಲಿಸಿಬಿಟ್ಟಿತ್ತು. ಬೇರೆ ಗಿಟಾರು ಕೊಳ್ಳು ಎಂದವರಿಗೆಲ್ಲ ಅವಳು ಒಂದೇ ಮಾತು ಹೇಳಿದಳು: "ಮೊಂಡುಗಿವಿ ಬಂದ್ರೆ ನುಡಿಸ್ತೀನಿ, ಇಲ್ದಿದ್ರೆ ಇಲ್ಲ." ಮೊಂಡುತನದಲ್ಲಿ ಗಿಟಾರಿಗೂ ಅವಳಿಗೂ ಸರಿಜೋಡಿ. ಮದುವೆಯಾಗಿ ಮಗಳು ಹುಟ್ಟಿ ಆ ಮಗಳಿಗೆ ಮದುವೆಯಾದರೂ ಗಂಡ ಅವಳ ಕೈಯಲ್ಲಿ ಗಿಟಾರು ಕಂಡವನಲ್ಲ.

ಹಾಗಂತ ಆಸೆ ಬಿಟ್ಟಿರಲಿಲ್ಲ. ಹಲ್ಲಿನ ಸೆಟ್ಟು ಒಪ್ಪಿಸಲು ಪೇಟೆಗೆ ಹೋದಾಗಲೆಲ್ಲ ವಾದ್ಯದ ಅಂಗಡಿಗೆ ನುಗ್ಗಿ, "ಹಳೇ ಮಾದರಿ ಏನಾದ್ರೂ ವಾಪಸ್ ಬಂತಾ?" ಎಂದು ಕೇಳುವಳು. ಅಂಗಡಿಯವನು ಕಪ್ಪು ತೋರಿಸುವನು, ಕೆಂಪು ತೋರಿಸುವನು, ಅಂಚಿನಲ್ಲಿ ಕರಕಲು ಬಣ್ಣ, ನಡುವೆ ಹಳದಿ ಇರುವುದನ್ನು ತೋರಿಸುವನು. "ಇದು ನಮ್ಮನೆಯವರು ಸೀದಿಸಿದ ಬ್ರೆಡ್ಡಿನ ಹಾಗಿದೆ," ಎಂದು ಹೇಳಿ ಅವಳು ಹೊರಟುಬಿಡುವಳು. ಕೊನೆಕೊನೆಗೆ ಅವಳು ಬೀದಿಯ ತಿರುವಿನಲ್ಲಿ ಕಂಡರೆ ಸಾಕು, ಅಂಗಡಿಯವನು ಒಳಗಿನಿಂದಲೇ, "ಬಂದಿಲ್ಲಾ!" ಎಂದು ಕೂಗುತ್ತಿದ್ದ.

ಒಂದು ದಿನ ಮಾತ್ರ ಅವನೇ ಬಾಗಿಲಿಗೆ ಓಡಿಬಂದ. "ಬನ್ನಿ ಬನ್ನಿ, ನಿಮ್ಮ ಕಾಲ ಬಂತು! ಹಳೇ ಮಾದರಿಗಳಲ್ಲಿ ಒಂದನ್ನ ಮತ್ತೆ ತರ್ತಾರಂತೆ. ಯಾವುದು ಬೇಕು ಅಂತ ಕೇಳೋಕೆ ಕಂಪನಿಯಿಂದಾನೇ ಬಂದಿದ್ದಾರೆ."

ಒಳಗೆ ಮಗಳ ವಯಸ್ಸಿನ ಒಬ್ಬ ಹುಡುಗಿ ಸ್ಟೂಲಿನ ಮೇಲೆ ಕೂತಿದ್ದಳು. ಕಂಪನಿಯಲ್ಲಿ ಗಿಟಾರಿನ ಆಕಾರ, ಬಣ್ಣ ನೋಡಿಕೊಳ್ಳುವವಳು ಅವಳೇ. ಸುತ್ತ ಊರಿನ ಗಿಟಾರು ಹುಚ್ಚರೆಲ್ಲ ಸೇರಿದ್ದರು. ಬೋಳುತಲೆಯ ವಕೀಲರೊಬ್ಬರು ಮಿಂಚಿನ ಆಕಾರದ್ದು ಬೇಕೆಂದು ವಾದ ಮಂಡಿಸುತ್ತಿದ್ದರು. ಔಷಧಿ ಅಂಗಡಿಯವನಿಗೆ ಚಿನ್ನದ ಬಣ್ಣವೇ ಆಗಬೇಕಿತ್ತು. ಹಲ್ಲಕ್ಕ ಇಬ್ಬರ ನಡುವೆ ತೂರಿಕೊಂಡು ಮೊಂಡುಗಿವಿಯ ಕಥೆ ಹೇಳಿದಳು. ಕಾರಿನ ಚಕ್ರ ಎರಡನೇ ಸಲ ಹತ್ತುವ ಹೊತ್ತಿಗೆ ವಕೀಲರು ತಮ್ಮ ಮೊಕದ್ದಮೆ ವಾಪಸ್ ತೆಗೆದುಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದರು.

ಕಂಪನಿಯ ಹುಡುಗಿಯೂ ಕರಗಿದಳು. "ಆಂಟಿ, ಅದರ ನಕ್ಷೆ ನಮ್ಮ ಹತ್ರ ಇದೆ. ಆದ್ರೆ ಬಣ್ಣದ್ದೇ ತೊಂದರೆ. ಹಳೇ ಕಾರ್ಖಾನೆಯಿಂದ ಹೊಸದಕ್ಕೆ ಸಾಗಿಸುವಾಗ ಬಣ್ಣದ ಮಾದರಿಗಳೆಲ್ಲ ಎಲ್ಲೋ ಹೋಗ್ಬಿಟ್ವು. ಯಾವ ಬಣ್ಣ ಇತ್ತು?"

ಹಲ್ಲಿನ ಬಣ್ಣ ಕೇಳಿದ್ದರೆ ಹಲ್ಲಕ್ಕ ನಿದ್ದೆಗಣ್ಣಲ್ಲೂ ಹೇಳುತ್ತಿದ್ದಳು. ಆದರೆ ಅವಳ ಕಸುಬಿನ ಬಣ್ಣಗಳೆಲ್ಲ ಬಿಳಿಯಲ್ಲಿ ಹುಟ್ಟಿ ಹಳದಿಯಲ್ಲಿ ಮುಗಿಯುತ್ತಿದ್ದವು. "ಹಸಿರು... ಪೂರ್ತಿ ಹಸಿರಲ್ಲ. ನೀಲಿ ಅಂತಾನೂ ಹೇಳೋ ಹಾಗಿಲ್ಲ. ಒಂಥರಾ..." ಎಂದು ತಡವರಿಸಿದವಳು ತಟ್ಟನೆ ತೊಡೆ ತಟ್ಟಿಕೊಂಡಳು. "ನಮ್ಮ ಭಾವನ ಬಚ್ಚಲಮನೆ! ಅಲ್ಲಿಯ ಟೈಲ್ಸ್ ಅದೇ ಬಣ್ಣ. ಒಂದಿಷ್ಟೂ ಹೆಚ್ಚುಕಮ್ಮಿ ಇಲ್ಲ."

ಹುಡುಗಿ ಚೀಲದಿಂದ ಟಾರ್ಚಿನಂಥ ಒಂದು ಯಂತ್ರ ತೆಗೆದಳು. ಅದನ್ನು ಯಾವ ವಸ್ತುವಿಗೆ ಒತ್ತಿ ಹಿಡಿದರೂ ಅದರ ಬಣ್ಣವನ್ನು ಅಳೆದು ಹೇಳುತ್ತದಂತೆ. "ನಡೀರಿ ಆಂಟಿ," ಎಂದಳು. ಅಂಗಡಿಯವನು ಶಟರು ಎಳೆದು ಜೊತೆಗೂಡಿದ. ವಕೀಲರೂ ಔಷಧಿ ಅಂಗಡಿಯವನೂ ಕರೆಯದೆಯೇ ಬೆನ್ನು ಹತ್ತಿದರು.

ಈ ಬಚ್ಚಲಮನೆಯ ವಿಷಯ ಸ್ವಲ್ಪ ಹೇಳಬೇಕು. ಆ ಟೈಲ್ಸನ್ನು ಭಾವ ಹರೆಯದಲ್ಲಿ ತಮ್ಮ ಕೈಯಾರೆ ಅಂಟಿಸಿದ್ದರು. ವಾರಗಿತ್ತಿ ಆ ಮನೆಗೆ ಕಾಲಿಟ್ಟ ದಿನದಿಂದಲೂ ಅವಳಿಗೆ ಆ ಬಣ್ಣ ಕಂಡರಾಗದು. "ಬಚ್ಚಲಿಗೆ ಹೋದ್ರೆ ಹೊಟ್ಟೆ ತೊಳೆಸತ್ತೆ," ಎಂದು ಗೋಗರೆದು, ಮುನಿಸಿಕೊಂಡು, ಊಟ ಬಿಟ್ಟು, ಅಂತೂ ಎಲ್ಲ ಒಡೆಸಿ ಬಿಳಿ ಟೈಲ್ಸ್ ಹಾಕಿಸುವುದಕ್ಕೆ ಹೋದ ವಾರವಷ್ಟೇ ಗಂಡನನ್ನು ಒಪ್ಪಿಸಿದ್ದಳು.

ಆದ್ದರಿಂದ ಬಾಗಿಲಲ್ಲಿ ಐದು ಜನ ನಿಂತದ್ದು ಕಂಡು ಅವಳ ಮುಖ ಅರಳಿತು. "ಓ, ಬಚ್ಚಲು ಒಡೆಯೋರು ಬಂದ್ರಾ? ಬನ್ನಿ ಬನ್ನಿ!" ಎಂದವಳು ವಕೀಲರ ಕರಿಕೋಟನ್ನು ನೋಡಿ ಕೊಂಚ ಅನುಮಾನಿಸಿದಳು.

"ಇಲ್ಲ ಅಕ್ಕ, ಇವರು ನಿಮ್ಮ ಬಚ್ಚಲ ಬಣ್ಣ ನೋಡೋಕೆ ಬಂದೋರು. ಗಿಟಾರಿಗೆ ಬೇಕಂತೆ," ಎಂದಳು ಹಲ್ಲಕ್ಕ.

"ಯಾತಕ್ಕೆ?"

"ಗಿಟಾರಿಗೆ."

ವಾರಗಿತ್ತಿ ಹರಳೆಣ್ಣೆ ಕುಡಿದವಳ ಹಾಗೆ ಮುಖ ಮಾಡಿದಳು. "ಅವರು ಒಳಗಿದ್ದಾರೆ. ಪೇಪರ್ ತಗೊಂಡು ಹೋಗಿದ್ದಾರೆ. ಇನ್ನು ಕ್ರೀಡಾಪುಟ ಮುಗಿಯೋವರೆಗೂ ಬರಲ್ಲ."

ಹಲ್ಲಕ್ಕ ಬಾಗಿಲು ಬಡಿದಳು. "ಭಾವ, ಸ್ವಲ್ಪ ಹೊರಗೆ ಬರ್ತೀರಾ?"

"ಯಾಕೆ? ಒಡೆಯೋರು ಬಂದ್ರಾ?" ಒಳಗಿನಿಂದ ಭಾವನ ಗಾಬರಿಯ ದನಿ. "ನಾನು ಬರಲ್ಲ! ಒಡೆಯೋದಾದ್ರೆ ನನ್ನನ್ನೂ ಸೇರಿಸಿ ಒಡೀರಿ!"

"ಒಡೆಯೋಕಲ್ಲ ಸರ್," ಹುಡುಗಿ ಬಾಗಿಲಿಗೆ ಬಾಯಿ ಹಚ್ಚಿ ಕೂಗಿದಳು. "ನಿಮ್ಮ ಟೈಲ್ಸ್ ಬಣ್ಣ ತುಂಬ ಅಪರೂಪದ್ದಂತೆ. ನಮ್ಮ ಕಂಪನಿಗೆ ಬೇಕಾಗಿದೆ."

ಚಿಲಕ ಸರಿಯಿತು. ಸೊಂಟಕ್ಕೆ ಟವೆಲ್ಲು, ಕೈಯಲ್ಲಿ ಪೇಪರು, ತಲೆಯ ಮೇಲೆ ಶಾಂಪೂ ನೊರೆ ಹೊತ್ತ ಭಾವ, ಪಟ್ಟಕ್ಕೆ ಬಂದ ರಾಜನ ಗತ್ತಿನಲ್ಲಿ ಹೊರಬಂದು ಹೆಂಡತಿಯತ್ತ ನೋಡಿದರು. "ಕೇಳಿಸ್ತೇನೇ? ಅಪರೂಪದ್ದಂತೆ!"

ಎಲ್ಲರೂ ಬಚ್ಚಲೊಳಗೆ ನುಗ್ಗಿದರು. ಔಷಧಿ ಅಂಗಡಿಯವನಿಗೆ ಜಾಗ ಸಾಲದೆ ಅವನು ಖಾಲಿ ತೊಟ್ಟಿಯೊಳಗೆ ಇಳಿದು ನಿಂತ. ಹುಡುಗಿ ಯಂತ್ರವನ್ನು ಒಂದು ಟೈಲ್ಸಿಗೆ ಒತ್ತಿದಳು, ಒಂದು ನಂಬರು ಬಂತು. ಪಕ್ಕದ್ದಕ್ಕೆ ಒತ್ತಿದರೆ ಬೇರೆಯದೇ. ಮೂರನೆಯದಕ್ಕೆ ಮತ್ತೊಂದು. ಅವಳು ಗೋಡೆಯ ಮೇಲೆ ಬೆರಳಾಡಿಸಿ ನೋಡಿದಳು. "ಸರ್, ಇದರ ಮೇಲೆ ಸೋಪಿನ ಕರೆ ಕಟ್ಟಿದೆ."

"ಉಜ್ಜೋಣ!" ಎಂದರು ಭಾವ. ಬ್ರಷ್ಷು ಹಿಡಿದು ಎಂದೂ ನೆಲ ಉಜ್ಜದ ಮನುಷ್ಯ ಅವತ್ತು ಟವೆಲ್ಲನ್ನು ಬಿಗಿದು ಕಟ್ಟಿ ಗೋಡೆಯ ಮೇಲೆ ಯುದ್ಧಕ್ಕೆ ಹೋದರು. ವಕೀಲರು ಕೋಟು ಕಳಚಿ ನಲ್ಲಿಗೆ ತಗುಲಿಹಾಕಿದರು. ವಾರಗಿತ್ತಿ ಬಾಗಿಲಿಗೆ ಒರಗಿ, "ಆ ಮೂಲೆ ಬಿಟ್ಟಿದ್ದೀರಿ, ಅಲ್ಲಿ, ಇನ್ನೂ ಕೆಳಗೆ," ಎಂದು ನಿರ್ದೇಶನ ಕೊಟ್ಟಳು. ಇಷ್ಟು ವರ್ಷದಲ್ಲಿ ಅವಳಿಗೆ ಆ ಬಚ್ಚಲು ಸಂತೋಷ ಕೊಟ್ಟದ್ದು ಅದೇ ಮೊದಲು.

ನೀರು ಎರಚಿ ನೋಡಿ ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ಗೋಡೆ ಗಿಳಿಯ ಹಾಗೆ ಕಿರುಚುತ್ತಿತ್ತು. ಅಷ್ಟು ಅಪ್ಪಟ, ನಿರ್ಲಜ್ಜ ಹಸಿರು.

"ಇದಾ ಆಂಟಿ?" ಹುಡುಗಿ ಮೆಲ್ಲಗೆ ಕೇಳಿದಳು.

"ಅಯ್ಯೋ, ಇದಲ್ಲ!" ಹಲ್ಲಕ್ಕ ತಲೆಯ ಮೇಲೆ ಕೈ ಹೊತ್ತಳು. ಅವಳ ಮೊಂಡುಗಿವಿಯ ಬಣ್ಣವನ್ನು ಉಜ್ಜಿ ಉಜ್ಜಿ ಮೋರಿಗೆ ಹರಿಸಿಬಿಟ್ಟಿದ್ದರು. ಅಷ್ಟರಲ್ಲಿ ತೊಟ್ಟಿಯೊಳಗಿಂದ ಔಷಧಿ ಅಂಗಡಿಯವನು ಕೂಗಿದ. "ಇಲ್ಲಿ ಬಾಯ್ಲರ್ ಹಿಂದೆ ಒಂದು ಉಳಿದಿದೆ ನೋಡಿ, ಕೈ ಹೋಗಲ್ಲ ಅಂತ ಬಿಟ್ಟಿದ್ದೆ!"

ಹಲ್ಲಕ್ಕ ಮೊಣಕಾಲೂರಿ ಬಗ್ಗಿ ನೋಡಿದಳು. ಸೋಪಿನ ಕರೆಯ ಹಿಂದೆ, ಹಾಲು ಬೆರೆತಂತೆ, ಮಂಜು ಕವಿದಂತೆ, ಹಸಿರೆನ್ನಲೂ ನೀಲಿಯೆನ್ನಲೂ ಮನಸ್ಸು ಬಾರದ ಆ ಬಣ್ಣ. "ಇದೇ," ಎಂದಳು. "ಹೋಟೆಲಿನ ಹೊಗೆಯಲ್ಲಿ ಅದು ಹೀಗೇ ಕಾಣ್ತಿತ್ತು."

"ಅಂದ್ರೆ ಬಣ್ಣದ ಮೇಲೆ ಹೊಗೆ ಕೂತಿದ್ದಿರಬಹುದಾ ಆಂಟಿ?"

"ಇರಬಹುದಮ್ಮ. ನಾನು ಒರೆಸ್ತಿರಲಿಲ್ಲ. ಹೀಗೇ ಮಾಡ್ಕೊಡು."

ಹುಡುಗಿ ಬಾಯ್ಲರಿನ ಹಿಂದೆ ಕೈ ತೂರಿಸಿ ಯಂತ್ರ ಒತ್ತಿದಳು.

ಅತ್ತ ಭಾವ ತೊಳೆದ ಗೋಡೆಯನ್ನು ಕಣ್ಣು ಕಿರಿದಾಗಿಸಿ ನೋಡುತ್ತಲೇ ಇದ್ದರು. ಮಾರನೇ ದಿನ ಪೇಪರು ಹಿಡಿದು ಒಳಹೋದವರು ಮುಖಪುಟವೂ ಮುಗಿಯುವ ಮೊದಲೇ ಹೊರಬಂದರು. "ಕಣ್ಣು ಕುಕ್ಕತ್ತೆ ಕಣೇ. ಆ ಒಡೆಯೋರಿಗೆ ಫೋನ್ ಮಾಡು, ಬಂದು ಒಡೀಲಿ," ಎಂದರು. ವಾರಗಿತ್ತಿ ಎರಡನೇ ಮಾತಿಗೆ ಅವಕಾಶ ಕೊಡದೆ ಫೋನು ಎತ್ತಿಕೊಂಡಳು.

ಮುಂದಿನ ವರ್ಷ ಮೊಂಡುಗಿವಿ ಬಂದೇ ಬಂತು. ಕಂಪನಿಯವರು ಆ ಬಣ್ಣಕ್ಕೆ 'ಮುಂಜಾವಿನ ಕೊಳ' ಎಂದು ಹೆಸರಿಟ್ಟಿದ್ದರು. ಸೋಪಿನ ವಿಷಯ ಎಲ್ಲೂ ಬರೆದಿರಲಿಲ್ಲ. ಅಂಗಡಿಯಲ್ಲಿ ಅದನ್ನು ಪೆಟ್ಟಿಗೆಯಿಂದ ತೆಗೆಯುವಾಗ ಅಪರಿಚಿತ ಮುದುಕನೊಬ್ಬ ಇಣುಕಿ, "ನನ್ನ ಹತ್ರಾನೂ ಇತ್ತು ಇದು. ಬಣ್ಣ ತಪ್ಪು! ಅದು ಕೆನೆ ಬಣ್ಣ ಇತ್ತು," ಎಂದು ಜಗಳ ತೆಗೆದ. ವಕೀಲರು ಹಲ್ಲಕ್ಕನ ಪರವಾಗಿ ನಿಂತು ವಾದ ಶುರು ಮಾಡಿದರು. ಅವರಿಬ್ಬರನ್ನು ಅಲ್ಲೇ ಬಿಟ್ಟು ಅವಳು ಗಿಟಾರನ್ನು ಅಪ್ಪಿಕೊಂಡು ಮನೆಗೆ ನಡೆದಳು. ಮೆಟ್ಟಿಲಲ್ಲಿ ಎದುರಾದ ವಾರಗಿತ್ತಿ ಅದನ್ನು ಮೇಲಿಂದ ಕೆಳಗೆ ನೋಡಿ, "ಚೆನ್ನಾಗಿದೆ. ಬಿಳೀದು ಇರಲಿಲ್ವಾ?" ಎಂದಳು.

ಬೇಕರಿಯಿಂದ ಗಂಡ ಬಂದಾಗ ಹಲ್ಲಕ್ಕ ಮುಂದಿನ ಕೋಣೆಯಲ್ಲಿ ದವಡೆಗಳನ್ನೆಲ್ಲ ಮೇಜಿನ ಒಂದು ಬದಿಗೆ ಸರಿಸಿ, ಗಿಟಾರಿನ ವೈರನ್ನು ಸ್ಪೀಕರಿಗೆ ಸಿಕ್ಕಿಸಿ ಕೂತಿದ್ದಳು. ಗಿಟಾರು ಅವಳು ನೆನಪಿಟ್ಟುಕೊಂಡದ್ದಕ್ಕಿಂತ ಭಾರವಾಗಿತ್ತು. ಬೆರಳುಗಳು ಎಲ್ಲ ಮರೆತಿದ್ದವು. ಎರಡೇ ಎರಡು ಸ್ವರಗುಚ್ಛ ನೆನಪಿತ್ತು, ಅದನ್ನೇ ಹಿಂದೆ ಮುಂದೆ, ಹಿಂದೆ ಮುಂದೆ ನುಡಿಸಿದಳು. ಕಿಟಕಿಯ ಗಾಜು ಗುಂಯ್ ಎಂದಿತು. ಗಂಡ ಮೈಮೇಲಿನ ಹಿಟ್ಟನ್ನೂ ಕೊಡವದೆ ಕುರ್ಚಿ ಎಳೆದುಕೊಂಡು ಎದುರಿಗೆ ಕೂತ, ಕೈಕಟ್ಟಿಕೊಂಡು, ದೊಡ್ಡ ಸಭೆಯಲ್ಲಿ ಮುಂದಿನ ಸಾಲು ಸಿಕ್ಕವನ ಹಾಗೆ.

ತುಂಬ ಹೊತ್ತು ಕೇಳಿದ ಮೇಲೆ ಸಂಕೋಚದಿಂದ, "ಮೂರನೇದು ಇದೆಯಾ?" ಎಂದ.

"ಇದೆ ರೀ," ಎಂದಳು ಹಲ್ಲಕ್ಕ, ಹುರುಪಿನಿಂದ ತಂತಿ ಮೀಟುತ್ತ. "ನಾಳೆ ಹುಡುಕ್ತೀನಿ."