ತುಂಬಿಸಿದ ಬಾಟಲಿ

ನನ್ನ ಬಾಯಿ ಸ್ವಲ್ಪ ಜೋರು. ಹಸುಗೂಸುಗಳ ವಾರ್ಡಿನಲ್ಲಿ ಹದಿನಾರು ವರ್ಷದಿಂದ ಹೆಡ್ ನರ್ಸ್. ಕೈ ತೊಳೆಯದೆ ತೊಟ್ಟಿಲ ಹತ್ತಿರ ಬಂದರೆ ಡಾಕ್ಟರನ್ನೂ ಬಿಟ್ಟವಳಲ್ಲ. ಅಂಥಾ ನನ್ನ ವಾರ್ಡಿನಲ್ಲಿ ಒಂದೇ ವಾರಕ್ಕೆ ಐದು ಕೂಸುಗಳ ರಕ್ತದಲ್ಲಿ ಸೋಂಕು ಬಂತು ಅಂದರೆ ಸುಮ್ಮನಿರುತ್ತೇನೆಯೇ? ಕೂಸುಗಳ ಬಟ್ಟೆ ಬದಲಿಸುವ ಆಯಾಳನ್ನು ಎಲ್ಲರೆದುರು ನಿಲ್ಲಿಸಿ, "ಇದು ನಿನ್ನ ಕೈಯದೇ ಕೆಲಸ" ಅಂದೆ.

"ತೊಳ್ಕೊಂಡೇ ಮುಟ್ಟೋದು ಸಿಸ್ಟರ್" ಅಂದಳು.

ಎದುರು ಮಾತಾಡ್ತೀಯಾ ಅಂತ ಇನ್ನೂ ನಾಲ್ಕು ಸೇರಿಸಿದೆ. ಸಂಜೆಯೊಳಗೆ ಅವಳ ಕೆಲಸ ಹೋಯಿತು.

ಲ್ಯಾಬಿನ ಡಾಕ್ಟರಮ್ಮ ಮಾತ್ರ ನನ್ನ ಮಾತಿಗೆ ತಲೆಯಾಡಿಸಲಿಲ್ಲ. ಅವತ್ತೇ ಮಕ್ಕಳ ರಕ್ತ, ಆಯಾ ಸೇರಿದಂತೆ ನಮ್ಮೆಲ್ಲರ ಕೈ, ನಲ್ಲಿ, ಸಿಂಕು, ಯಾವುದನ್ನೂ ಬಿಡದೆ ಮಾದರಿ ತೆಗೆದು, ಸಿಕ್ಕ ಬ್ಯಾಕ್ಟೀರಿಯಾದ ಜೀನೋಮ್, ಅಂದರೆ ಅದರ ಡಿಎನ್ಎಯ ಪೂರ್ತಿ ಅಕ್ಷರಸಾಲು, ಓದಿಸಲು ಕಳಿಸಿದರು. "ಕ್ರಿಮಿಗೂ ವಂಶಾವಳಿ ಬರೆಸ್ತೀರಾ ಮೇಡಂ?" ಅಂತ ನಾನು ನಕ್ಕಿದ್ದೆ.

ಎರಡು ವಾರ ಕಳೆದು, ಒಂದು ಸೋಮವಾರ ನನ್ನನ್ನು ಕರೆದು ಪರದೆ ತೋರಿಸಿದರು. "ಐದೂ ಮಕ್ಕಳದ್ದು ಹೆಚ್ಚುಕಮ್ಮಿ ಒಂದೇ. ಐವತ್ತು ಲಕ್ಷ ಅಕ್ಷರದಲ್ಲಿ ಎರಡೋ ಮೂರೋ ವ್ಯತ್ಯಾಸ. ಅಂದ್ರೆ ಮೂಲ ಒಂದೇ. ಆಯಾ ಕೈಯಲ್ಲಿ ಸಿಕ್ಕಿದ್ದು ಬೇರೆಯೇ ತಳಿ."

"ಮತ್ತೆ ಯಾರ ಕೈಯಿಂದ?"

"ಕೈ ತೊಳೆಯೋ ಸಾಬೂನಿನ ಬಾಟಲಿಯಿಂದ. ಅದರಲ್ಲಿ ಸಿಕ್ಕಿದ್ದು ಇದೇ ತಳಿ. ಅದನ್ನ ತುಂಬೋದು ಯಾರು?"

ನಾನೇ. ಒಂದು ಹನಿ ಪೋಲಾಗಬಾರದು ಅಂತ ತಳದಲ್ಲಿ ಉಳಿದದ್ದಕ್ಕೆ ನೀರು ಬೆರೆಸಿ, ಅದರ ಮೇಲೇ ಹೊಸದನ್ನು ಸುರಿಯುತ್ತಿದ್ದೆ. ಬಾಟಲಿ ತೊಳೆದು ಒಣಗಿಸಿ ತುಂಬಬೇಕು ಅನ್ನೋ ಸೂಚನೆ ಗೋಡೆಯ ಮೇಲೇ ಇತ್ತು. ಅಂಟಿಸಿದವಳೂ ನಾನೇ. ನನ್ನ ಬೈಗುಳಕ್ಕೆ ಹೆದರಿ ಎಲ್ಲರೂ ಅದರಲ್ಲೇ ಕೈ ಉಜ್ಜಿಕೊಂಡು ಮಕ್ಕಳನ್ನು ಮುಟ್ಟಿದರು. ನಾಚಿಕೆಯಿಂದ ಕುಗ್ಗಿಹೋದೆ. ಬಾಟಲಿಗಳನ್ನು ಎಸೆದ ಮೇಲೆ ಹೊಸ ಸೋಂಕು ಬರಲಿಲ್ಲ. ಐದೂ ಕೂಸು ಉಳಿದವು, ಅದೊಂದು ಪುಣ್ಯ.

ಆಯಾಗೆ ಪತ್ರ ಬರೀತೀವಿ ಅಂದರು ಆಫೀಸಿನವರು. ಬೇಡ, ನಾನೇ ಹೋಗಿ ಹೇಳ್ತೀನಿ ಅಂದೆ. ಹೋಗಲು ಮುಖವಿರಲಿಲ್ಲ. ನಾಳೆ, ನಾಳೆ ಅಂತ ಶುಕ್ರವಾರ ಮಾಡಿದೆ.

ಅವಳದು ಮೂರನೇ ಮಹಡಿಯ ಒಂದೇ ಕೋಣೆಯ ಮನೆ. ನೆಲದ ಮೇಲೆ ಎಳೇ ಕೂಸು ಅಳುತ್ತಿತ್ತು. ಬಾಣಂತಿ ಮಗಳು ನೋವು ತಡೆದುಕೊಂಡು ಏಳುತ್ತಿದ್ದಳು. ಆಯಾ ಪಕ್ಕದಲ್ಲೇ ಗೋಡೆಗೆ ಒರಗಿ, ಕೈ ಕಟ್ಟಿ ಕೂತಿದ್ದಳು.

"ಅಷ್ಟು ಅಳ್ತಿದೆ, ನೀನು ಎತ್ಕೋಬಾರದಾ?" ಅಂದೆ. ಬಾಯಿ ಎಲ್ಲಿ ಬಿಡುತ್ತೆ.

"ಸೋಂಕು ನನ್ನ ಕೈಯಿಂದಲೇ ಅಂದಿದ್ರಲ್ಲ ಸಿಸ್ಟರ್."

ನಿಂತಲ್ಲೇ ಎಲ್ಲ ಹೇಳಿದೆ. ಬಾಟಲಿ, ನೀರು, ನಾನು. ತಪ್ಪಾಯ್ತು ಅಂದೆ. ಕೆಲಸ ವಾಪಸ್ ಕೊಡ್ತಾರೆ ಅಂದೆ. ಅವಳು ಅದ್ಯಾವುದನ್ನೂ ಕೇಳಿಸಿಕೊಂಡಂತಿರಲಿಲ್ಲ.

"ನಿಮಗೆ ಯಾವತ್ತು ಗೊತ್ತಾಯ್ತು?"

"ಸೋಮವಾರ."

ಆಯಾ ಕೂಸಿನ ಕಡೆ ನೋಡಿದಳು.

"ಇವನು ಹುಟ್ಟಿದ್ದೂ ಆ ಸೋಮವಾರಾನೇ" ಅಂದಳು. "ಇನ್ನೂ ಒಂದ್ಸಲಾನೂ ಮುಟ್ಟಿಲ್ಲ ನಾನು."