ರೋಧ ಸೊನ್ನೆಯಾದ ಮಧ್ಯಾಹ್ನ

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಪುಟ್ಟಿ ಅಂತಲೇ ಕರೆಯುತ್ತಿದ್ದರು. ಮೂವತ್ತೊಂದರ ಸಂಶೋಧಕಿಗೆ ಆ ಹೆಸರು ಅಂಟಿಕೊಂಡಿದ್ದು ಅಮ್ಮನ ಫೋನಿನಿಂದ. ಎರಡೂ ಕೈ ಸೂಕ್ಷ್ಮದರ್ಶಕದಡಿ ಸಿಕ್ಕಿಕೊಂಡಿದ್ದಾಗ ಸ್ಪೀಕರ್ ಹಾಕಿದ್ದಳು, "ಏನೇ ಪುಟ್ಟಿ, ಇನ್ನೂ ಆ ಕಲ್ಲನ್ನೇ ಅದುಮ್ತಾ ಕೂತಿದ್ದೀಯಾ?" ಎಂದು ಅಮ್ಮ ಕೇಳಿದ್ದು ಕೋಣೆಗೆಲ್ಲ ಕೇಳಿಸಿತ್ತು.

ಅಮ್ಮ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಎರಡು ವಜ್ರಗಳ ಮೊನೆಗಳ ನಡುವೆ ಕೂದಲೆಳೆಯಷ್ಟು ದಪ್ಪದ ಕಾಂತೀಯ ಹರಳನ್ನಿಟ್ಟು ಹಿಂಡುವುದೇ ಅವಳ ಕೆಲಸ. ಸಾಮಾನ್ಯವಾಗಿ ಕಾಂತಗುಣಕ್ಕೂ ಅತಿವಾಹಕತೆಗೂ ಎಣ್ಣೆ ಸೀಗೆಕಾಯಿ ಸಂಬಂಧ. ಆದರೆ ಒತ್ತಡಕ್ಕೆ ಕಾಂತಗುಣ ಸೊರಗಿ ಸಾಯುವ ಅಂಚಿನಲ್ಲಿ, ಕಡುಚಳಿಯಲ್ಲಿ, ಹರಳು ಅತಿವಾಹಕವಾಗಿ, ವಿದ್ಯುತ್ತು ಯಾವ ರೋಧವೂ ಅಡೆತಡೆಯೂ ಇಲ್ಲದೆ ಹರಿಯಬಹುದು ಎಂಬುದು ಅವಳ ಮಾರ್ಗದರ್ಶಕಿ ಮೇಡಂ ಲೆಕ್ಕಾಚಾರ.

ನಾಲ್ಕು ವರ್ಷದಲ್ಲಿ ಮೂರು ವಜ್ರ ಒಡೆದಿದ್ದವು. ಆ ಬುಧವಾರ ಮಧ್ಯಾಹ್ನ ಮಾತ್ರ, ಪರಮಶೂನ್ಯಕ್ಕಿಂತ ನಲವತ್ತು ಡಿಗ್ರಿ ಮೇಲಿರುವಾಗಲೇ ಪರದೆಯ ಮೇಲಿನ ರೋಧದ ಗೆರೆ ದೊಪ್ಪನೆ ಸೊನ್ನೆಗೆ ಬಿತ್ತು. ಅವರು ಕಾಯುತ್ತಿದ್ದದ್ದು ನಾಲ್ಕೈದು ಡಿಗ್ರಿಗೆ.

ಮೇಡಂ ಓಡಿ ಬಂದರು. "ಪುಟ್ಟೀ, ಇವತ್ತೇ ಲೇಖನ ಬರೆಯೋಕೆ ಶುರು ಮಾಡು!"

ಪುಟ್ಟಿಗೂ ಕುಣಿಯಬೇಕೆನಿಸಿತು. ಆದರೂ ಮನಸ್ಸಿನಲ್ಲಿ ಏನೋ ಕುಟುಕುತ್ತಿತ್ತು. "ಒಂದು ದಿನ ಕೊಡಿ ಮೇಡಂ. ಕಾಂತಕ್ಷೇತ್ರ ಹಾಕಿ ನೋಡ್ತೀನಿ. ನಿಜವಾದ ಅತಿವಾಹಕ ಆದ್ರೆ ಗೆರೆ ಬೀಳೋ ಜಾಗ ಇನ್ನೂ ಕಡಿಮೆ ಡಿಗ್ರಿಗೆ ಸರೀಬೇಕು. ರೋಧ ಅಳೆಯೋ ತಂತಿಗಳು ಚಳಿಗೆ ಕುಗ್ಗಿ ಒಂದಕ್ಕೊಂದು ತಾಗಿದ್ರೆ ಅಲ್ಲಾಡಲ್ಲ."

"ತಾಗಿರುತ್ತೆ ಅಂತೀಯಾ?"

"ತಾಗಿರದೇ ಇರ್ಲಿ ಅಂತಾನೇ ಬೇಡ್ಕೊತಿದ್ದೀನಿ."

ಮರುದಿನ ಕ್ಷೇತ್ರ ಏರಿಸಿದಳು. ಗೆರೆ ಜಪ್ಪಯ್ಯ ಅಂದರೂ ಕದಲಲಿಲ್ಲ. ಇನ್ನೂ ಏರಿಸಿದಳು, ಅದೇ ನಲವತ್ತು. ಒತ್ತಡ ಇಳಿಸಿ, ವಜ್ರಗಳನ್ನು ಬಿಡಿಸಿ ನೋಡಿದರೆ ಎರಡು ಚಿನ್ನದ ತಂತಿಗಳು ಒಂದರ ಮೇಲೊಂದು ಮಲಗಿದ್ದವು. ಅವಳೇ ಕೈಯಾರೆ ಅಂಟಿಸಿದ ತಂತಿಗಳು.

ಹೋಗಿ ಮೇಡಂಗೆ ಹೇಳಿದಳು. "ನಿನ್ನೆ ಮೂರು ಜನಕ್ಕೆ ಫೋನ್ ಮಾಡ್ಬಿಟ್ಟೆ ಕಣೇ," ಎಂದರು ಅವರು. "ಬಾಯಿಗೆ ಬೀಗ ಇಲ್ಲ ನಂಗೆ. ಹೋಗ್ಲಿ, ಅವರಿಗೆ ನಾನೇ ಹೇಳ್ಕೊತೀನಿ. ನೀನು ಹೊಸ ಹರಳು ಕೂರಿಸು."

ಏಳು ವಾರ ಹಿಡಿಯಿತು. ಈ ಸಲ ಗೆರೆ ಬಿದ್ದದ್ದು ಮೂರು ಡಿಗ್ರಿಯಲ್ಲಿ. ಅದೂ ಸೊನ್ನೆಗಲ್ಲ, ಅರ್ಧಕ್ಕೆ. ಪುಟ್ಟಿ ಕ್ಷೇತ್ರ ಏರಿಸಿದಳು. ಬೀಳುವ ಜಾಗ ಎರಡೂವರೆಗೆ ಸರಿಯಿತು. ಇನ್ನಷ್ಟು ಏರಿಸಿದಾಗ ಎರಡಕ್ಕೆ.

"ಹರಳಿನ ಒಂದು ಭಾಗ ಮಾತ್ರ ಅತಿವಾಹಕ ಆಗಿರ್ಬೇಕು ಮೇಡಂ. ಪೂರ್ತಿ ಸೊನ್ನೆ ಸಿಕ್ಕಿಲ್ಲ."

"ಸಿಕ್ಕಿಲ್ಲ ಅಂತಲೇ ಬರಿ. ಮೊದಲನೇ ಸಾಲಲ್ಲೇ ಬರಿ," ಎಂದು ಮೇಡಂ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು. ಸಂಜೆಯ ಹೊತ್ತಿಗೆ ಎರಡು ಪುಟ ಆಗಿತ್ತು.